ಪಾಠಶಾಲೆಯ ಹಣವು ಶಾಸನಸಭೆಯನ್ನು ದಾಟುವ ಬಗೆ

ಪ್ರತಿವರ್ಷವೂ ಸಾಮಾನ್ಯವಾಗಿ ಮಾಘ ಫಾಲ್ಗುನಗಳ ಸುಮಾರಿಗೆ ನಮ್ಮ ರಾಜ್ಯದ ಆಯವ್ಯಯವು ವಿಧಾನಸಭೆಯಲ್ಲಿ ಮಂಡಿತವಾಗುವುದು. ಮರುದಿನದ ವೃತ್ತಪತ್ರಿಕೆಗಳ ಪುಟಗಳೆಲ್ಲ ಅಂಕೆಗಳಿಂದ ತುಂಬಿರುವುವು. ಆಗ ಜಗಲಿಯ ಮೇಲೆ ಕುಳಿತವರಲ್ಲಿ ಒಬ್ಬರು, “ವಿದ್ಯಾಭ್ಯಾಸಕ್ಕೆ ಇಷ್ಟು ಸಾವಿರ ಕೋಟಿ ಕೊಟ್ಟರಂತೆ” ಎನ್ನುವರು. ಮತ್ತೊಬ್ಬರು, “ಕೊಟ್ಟಿದ್ದರೆ ನಮ್ಮೂರಿನ ಶಾಲೆಯ ಸೂರು ಇನ್ನೂ ಏತಕ್ಕೆ ಸೋರುತ್ತಿದೆ?” ಎಂದು ಕೇಳುವರು. ಎರಡು ದಿನಗಳಾದ ಮೇಲೆ ಇಬ್ಬರೂ ಆ ಮಾತನ್ನು ಮರೆಯುವರು. ಎರಡನೆಯವರ ಪ್ರಶ್ನೆಯು ನ್ಯಾಯವಾದುದೇ ಸರಿ. ಅದಕ್ಕೆ ಉತ್ತರವು ಮೊದಲನೆಯವರಾಡಿದ “ಕೊಟ್ಟರು” ಎಂಬ ಒಂದು ಪದದಲ್ಲಿಯೇ ಅಡಗಿರುವುದು. ಆಯವ್ಯಯದ ಭಾಷಣದ ದಿನ ಯಾರೂ ಯಾರಿಗೂ ಏನನ್ನೂ ಕೊಟ್ಟಿರುವುದಿಲ್ಲ. ಕೊಡುವೆವೆಂದು ಹೇಳಿರುವರು, ಅಷ್ಟೆ.

ಸರ್ಕಾರದ ಹಣಕ್ಕೆ ನಾಲ್ಕು ಅವಸ್ಥೆಗಳುಂಟು. ಹೇಳಿದ ಹಣ, ಸಭೆಯು ಒಪ್ಪಿದ ಹಣ, ಖಜಾನೆಯಿಂದ ಬಿಡುಗಡೆಯಾದ ಹಣ, ನಿಜವಾಗಿ ವ್ಯಯವಾದ ಹಣ ಎಂಬಿವೇ ಆ ನಾಲ್ಕು. ಮೊದಲನೆಯದಕ್ಕೂ ಕಡೆಯದಕ್ಕೂ ನಡುವೆ ಒಂದು ವರ್ಷಕ್ಕಿಂತ ಹೆಚ್ಚಿನ ಪ್ರಯಾಣವಿರುವುದು. ಈ ದಾರಿಯನ್ನು ಗೃಹಸ್ಥರು ಸರಿಯಾಗಿ ತಿಳಿದಿದ್ದರೆ ತಮ್ಮೂರಿನ ಮಕ್ಕಳ ಪರವಾಗಿ ಯಾವ ಮಾತನ್ನು ಯಾವ ಕಾಲದಲ್ಲಿ, ಯಾರ ಮುಂದೆ ಆಡಬೇಕೆಂಬುದು ಗೊತ್ತಾಗುವುದು. ಆದಕಾರಣ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಉದ್ಯುಕ್ತರಾಗಿರುವೆವು.

ಬೊಕ್ಕಸಕ್ಕೆ ಸಭೆಯ ಬೀಗ

ಪ್ರಜೆಗಳು ತೆತ್ತ ತೆರಿಗೆ, ಸರ್ಕಾರವು ಎತ್ತಿದ ಸಾಲ, ಕೊಟ್ಟ ಸಾಲದ ಮರುಪಾವತಿ, ಇವೆಲ್ಲವೂ ಸೇರುವ ಬೊಕ್ಕಸಕ್ಕೆ ರಾಜ್ಯದ ಸಂಚಿತ ನಿಧಿಯೆಂದು ಹೆಸರು. ಶಾಸನದ ಆಧಾರವಿಲ್ಲದೆ ಈ ನಿಧಿಯಿಂದ ಹಣವನ್ನು ತೆಗೆಯಕೂಡದೆಂದು ನಮ್ಮ ಸಂವಿಧಾನದ ೨೬೬ನೆಯ ಮತ್ತು ೨೦೪ನೆಯ ಅನುಚ್ಛೇದಗಳು ವಿಧಿಸಿರುವುವು. ಮುಖ್ಯಮಂತ್ರಿಗಳ ಇಚ್ಛೆಯಾಗಲಿ ಇಲಾಖೆಯ ಆಜ್ಞೆಯಾಗಲಿ ಈ ಬೀಗವನ್ನು ತೆರೆಯಲಾರದು. ಬೀಗದಕೈ ಪ್ರಜೆಗಳು ಆರಿಸಿ ಕಳುಹಿಸಿದ ಸಭೆಯ ಸೊಂಟದಲ್ಲಿರುವುದು.

ಈ ಅಧಿಕಾರವು ನಮಗೆ ಒಂದೇ ದಿನದಲ್ಲಿ ಬಂದುದಲ್ಲ. ೧೮೮೧ರಲ್ಲಿ ರಂಗಾಚಾರ್ಲು ಅವರು ದಿವಾನರಾಗಿದ್ದಾಗ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. ಪ್ರತಿನಿಧಿಗಳು ದಿವಾನರ ವರದಿಯನ್ನು ಕೇಳಿ ತಮ್ಮ ಅಹವಾಲನ್ನು ಅರಿಕೆಮಾಡಿಕೊಳ್ಳಬಹುದಾಗಿತ್ತು. ವೆಚ್ಚವನ್ನು ತಡೆಯುವ ಶಕ್ತಿ ಅವರಿಗಿರಲಿಲ್ಲ. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಹುಟ್ಟಿತು. ೧೯೨೩ರ ಸುಧಾರಣೆಗಳಿಂದ ಆ ಸಭೆಗೆ ವೆಚ್ಚದ ಬೇಡಿಕೆಗಳ ಮೇಲೆ ಮತ ಕೊಡುವ ಅಧಿಕಾರವು ದೊರೆಯಿತು. ಅರಿಕೆಮಾಡಿಕೊಳ್ಳುವುದರಿಂದ ಮತ ಕೊಡುವವರೆಗೆ ನಡೆಯಲು ನಾಲ್ವತ್ತೆರಡು ವರ್ಷಗಳು ಹಿಡಿದುವು.

ಸಭೆಯ ಮತಕ್ಕೂ ಮಕ್ಕಳ ವಿದ್ಯೆಗೂ ಇರುವ ಸಂಬಂಧಕ್ಕೆ ಮತ್ತೊಂದು ನಿದರ್ಶನವನ್ನು ಹೇಳಬಹುದು. ೧೯೧೧ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಲ್ಕತ್ತೆಯ ಕೇಂದ್ರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದರು. ಮರುವರ್ಷ ಅದು ೧೩ಕ್ಕೆ ವಿರುದ್ಧವಾಗಿ ೩೮ ಮತಗಳಿಂದ ಬಿದ್ದುಹೋಯಿತು. ಆ ಸಭೆಯಲ್ಲಿ ಸರ್ಕಾರದ ಕಡೆಯವರೇ ಹೆಚ್ಚು ಮಂದಿ ಇದ್ದರು. ಅದಾದ ಮರುವರ್ಷವೇ, ಅಂದರೆ ೧೯೧೩ರಲ್ಲಿ, ಮೈಸೂರು ಸಂಸ್ಥಾನವು ತನ್ನದೇ ಆದ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ಮಾಡಿತು. ಆಗ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಇಂದು ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯಿಂದ ಆರರಿಂದ ಹದಿನಾಲ್ಕು ವಯಸ್ಸಿನ ಪ್ರತಿಯೊಂದು ಮಗುವಿಗೂ ಉಚಿತ ವಿದ್ಯೆಯು ಹಕ್ಕಾಗಿರುವುದು. ಆದರೆ ಹಕ್ಕನ್ನು ಕೊಡುವ ಶಾಸನ ಒಂದು, ಆ ಹಕ್ಕಿಗೆ ಬೇಕಾದ ಹಣವನ್ನು ಕೊಡುವ ಶಾಸನ ಮತ್ತೊಂದು. ಮೊದಲನೆಯದನ್ನು ಒಮ್ಮೆ ಮಾಡಿದರೆ ಸಾಕು. ಎರಡನೆಯದನ್ನು ವರ್ಷವರ್ಷವೂ ಹೊಸದಾಗಿ ಮಾಡಬೇಕು. ನಾವು ವಿವರಿಸಹೊರಟಿರುವುದು ಈ ಎರಡನೆಯದನ್ನೇ.

ಭಾಷಣಕ್ಕೆ ಮುಂಚಿನ ತಿಂಗಳುಗಳು

ಆಯವ್ಯಯವು ಮಂತ್ರಿಗಳ ಚರ್ಮದ ಪೆಟ್ಟಿಗೆಯಲ್ಲಿ ಹುಟ್ಟುವುದಿಲ್ಲ. ಅದರ ಬೀಜವು ಕೆಳಗಿನ ಕಚೇರಿಗಳಲ್ಲಿರುವುದು. ಒಂದು ಗ್ರಾಮದ ಶಾಲೆಗೆ ಎರಡು ಕೊಠಡಿಗಳು ಬೇಕಾಗಿವೆಯೆಂದು ಇಟ್ಟುಕೊಳ್ಳೋಣ. ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರೂ ಅದನ್ನು ಬರೆದು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಪ್ಪಿಸಬೇಕು. ಅಲ್ಲಿಂದ ಜಿಲ್ಲೆಯ ಉಪನಿರ್ದೇಶಕರಿಗೆ, ಅಲ್ಲಿಂದ ಬೆಂಗಳೂರಿನ ಇಲಾಖೆಯ ಮುಖ್ಯಸ್ಥರಿಗೆ ಪಟ್ಟಿಗಳು ಏರಿಹೋಗುವುವು. ಇಲಾಖೆಯು ಮುಂದಿನ ವರ್ಷದ ಸಂಬಳವೆಷ್ಟು, ಪುಸ್ತಕ ಸಮವಸ್ತ್ರಗಳಿಗೆಷ್ಟು, ಮಧ್ಯಾಹ್ನದ ಊಟಕ್ಕೆಷ್ಟು, ಕಟ್ಟಡಗಳಿಗೆಷ್ಟು ಎಂದು ಅಂದಾಜುಮಾಡಿ ಹಣಕಾಸಿನ ಇಲಾಖೆಗೆ ಕಳುಹಿಸುವುದು. ಹಣಕಾಸಿನವರು ಕತ್ತರಿಯನ್ನು ಆಡಿಸುವರು. ಎಲ್ಲ ಇಲಾಖೆಗಳೂ ಕೇಳಿದಷ್ಟನ್ನು ಕೊಡುವ ಅಕ್ಷಯಪಾತ್ರೆ ಯಾವ ಸರ್ಕಾರದ ಹತ್ತಿರವೂ ಇಲ್ಲವಷ್ಟೆ.

ಶಿಕ್ಷಣದ ಹಣಕ್ಕೆ ಒಂದು ವಿಶೇಷವುಂಟು. ಅದರ ಬಹುಭಾಗವು ಉಪಾಧ್ಯಾಯರ ಸಂಬಳಕ್ಕೇ ಸಲ್ಲುವುದು. ಇದು ದೋಷವಲ್ಲ; ಉಪಾಧ್ಯಾಯನಿಲ್ಲದ ಕಟ್ಟಡವು ಶಾಲೆಯೆನಿಸದು. ಆದರೆ ಸಂಬಳವನ್ನು ಕಳೆದು ಉಳಿಯುವ ಸಣ್ಣ ಭಾಗದಲ್ಲಿಯೇ ಸೂರು, ಶೌಚಗೃಹ, ಕುಡಿಯುವ ನೀರು, ಪ್ರಯೋಗಶಾಲೆ ಮುಂತಾದ ಯಾವತ್ತೂ ಇರಬೇಕಾಗಿರುವುದರಿಂದ ಕತ್ತರಿಯು ಬೀಳುವುದೂ ಅಲ್ಲಿಯೇ. ಇದರ ಜೊತೆಗೆ ೧೯೭೬ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣವು ಕೇಂದ್ರ ರಾಜ್ಯಗಳೆರಡಕ್ಕೂ ಸೇರಿದ ವಿಷಯವಾಯಿತು. ೨೦೧೮ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ನಮ್ಮಂತಹ ರಾಜ್ಯಗಳಿಗೆ ನೂರಕ್ಕೆ ೬೦ ಪಾಲನ್ನು ಕೇಂದ್ರವೂ ೪೦ ಪಾಲನ್ನು ರಾಜ್ಯವೂ ವಹಿಸಬೇಕೆಂದು ಗೊತ್ತಾಗಿರುವುದು. ಒಂದು ಕೈಯ ಹಣವು ತಡವಾದರೆ ಮತ್ತೊಂದು ಕೈಯ ಕೆಲಸವೂ ನಿಲ್ಲುವುದುಂಟು.

ಮಂಡನೆ ಮತ್ತು ಸಾಮಾನ್ಯ ಚರ್ಚೆ

ಸಂವಿಧಾನದ ೨೦೨ನೆಯ ಅನುಚ್ಛೇದದಂತೆ ವರ್ಷದ ಅಂದಾಜು ಆಯವ್ಯಯದ ವಿವರಣೆಯನ್ನು ರಾಜ್ಯಪಾಲರು ಎರಡು ಸದನಗಳ ಮುಂದೆಯೂ ಇಡಿಸಬೇಕು. ಅವರ ಶಿಫಾರಸಿಲ್ಲದೆ ಯಾವ ವೆಚ್ಚವನ್ನೂ ಸಭೆಯ ಮುಂದೆ ಕೇಳುವಂತಿಲ್ಲ. ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆ ನಡೆಯುವವರಾದುದರಿಂದ, ಹಣವನ್ನು ಕೇಳುವ ಹಕ್ಕು ಸರ್ಕಾರಕ್ಕೆ ಮಾತ್ರವೇ ಉಂಟು, ಬಿಡಿ ಸದಸ್ಯರಿಗಿಲ್ಲವೆಂದು ಇದರ ತಾತ್ಪರ್ಯ.

೨೦೨೫ನೆಯ ಇಸವಿ ಮಾರ್ಚಿ ೭ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ೨೦೨೫-೨೬ನೆಯ ಸಾಲಿನ ಆಯವ್ಯಯವನ್ನು ಮಂಡಿಸಿದರು. ಅದರ ಒಟ್ಟು ಗಾತ್ರವು ೪,೦೯,೫೪೯ ಕೋಟಿ ರೂಪಾಯಿಗಳು. ಅದರಲ್ಲಿ ಶಿಕ್ಷಣಕ್ಕೆಂದು ಹೇಳಿದುದು ೪೫,೨೮೬ ಕೋಟಿ. ಹತ್ತು ರೂಪಾಯಿಗಳಲ್ಲಿ ಒಂದು ರೂಪಾಯಿಗಿಂತ ತುಸು ಹೆಚ್ಚೆಂದು ತಿಳಿಯಬಹುದು. ನಾವು ಮೇಲೆ ಹೇಳಿದ ನಾಲ್ಕು ಅವಸ್ಥೆಗಳಲ್ಲಿ ಇದು ಮೊದಲನೆಯದು; ಹೇಳಿದ ಹಣ.

ಮಂಡನೆಯ ದಿನವೇ ಚರ್ಚೆಯಿರುವುದಿಲ್ಲ. ಕೆಲವು ದಿನಗಳಾದ ಮೇಲೆ ಎರಡು ಸದನಗಳಲ್ಲಿಯೂ ಸಾಮಾನ್ಯ ಚರ್ಚೆಯು ನಡೆಯುವುದು. ಇದರಲ್ಲಿ ಮತವಿಲ್ಲ, ಸರ್ಕಾರದ ನೀತಿಯ ಒಳಿತು ಕೆಡಕುಗಳ ವಿಮರ್ಶೆ ಮಾತ್ರ. ಪತ್ರಿಕೆಗಳ ಗಮನವೆಲ್ಲ ಈ ವಾದವಿವಾದದಲ್ಲಿಯೇ ಮುಗಿದುಹೋಗುವುದು. ಆದರೆ ಹಣದ ನಿಜವಾದ ತೀರ್ಮಾನವು ಇದರ ಮುಂದಿನ ಮೆಟ್ಟಿಲಿನಲ್ಲಿರುವುದು.

ಅನುದಾನದ ಬೇಡಿಕೆಗಳು

ವೆಚ್ಚಗಳಲ್ಲಿ ಎರಡು ಜಾತಿ. ಮೊದಲನೆಯದು ಪ್ರಭೃತ ವೆಚ್ಚ. ರಾಜ್ಯಪಾಲರ ಸಂಬಳ, ಸಭಾಧ್ಯಕ್ಷ ಸಭಾಪತಿಗಳ ಸಂಬಳ, ಉಚ್ಚ ನ್ಯಾಯಾಲಯದ ನ್ಯಾಯಾಧೀಶರ ಸಂಬಳ, ಸಾಲದ ಬಡ್ಡಿ, ಕೋರ್ಟಿನ ತೀರ್ಪಿನಂತೆ ತೆರಬೇಕಾದ ಹಣ ಇವು ಈ ಜಾತಿಗೆ ಸೇರಿದುವು. ಇವನ್ನು ಸಭೆಯು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ನ್ಯಾಯಾಧೀಶರ ಅನ್ನವು ರಾಜಕೀಯದ ಗಾಳಿಗೆ ಅಲುಗಬಾರದು, ಸಾಲ ಕೊಟ್ಟವರ ನಂಬಿಕೆಯು ಕೆಡಬಾರದು ಎಂಬುದು ಇದರ ಉದ್ದೇಶ. ಉಳಿದುದೆಲ್ಲವೂ ಮತಕ್ಕೆ ಒಳಪಟ್ಟ ವೆಚ್ಚ. ಶಾಲೆಗಳ ಹಣವು ಈ ಎರಡನೆಯ ಪಂಗಡದ್ದು. ಸಾಲದ ಬಡ್ಡಿಗೆ ಇರುವ ಭದ್ರತೆ ಮಗುವಿನ ಪುಸ್ತಕಕ್ಕಿಲ್ಲ. ಅದನ್ನು ವರ್ಷವರ್ಷವೂ ಕೇಳಿ ಪಡೆಯಬೇಕು.

ಕೇಳುವ ಕ್ರಮ ಹೇಗೆಂದರೆ, ಒಂದೊಂದು ಇಲಾಖೆಯ ವೆಚ್ಚವನ್ನು ಒಂದೊಂದು ಬೇಡಿಕೆಯನ್ನಾಗಿ ಕಟ್ಟಿ ಸಂಖ್ಯೆ ಕೊಡುವರು. ನಮ್ಮ ರಾಜ್ಯದಲ್ಲಿ ಶಿಕ್ಷಣದ ಬೇಡಿಕೆಯು ೧೭ನೆಯದು. ಅದರೊಳಗೆ ಸಾಮಾನ್ಯ ಶಿಕ್ಷಣಕ್ಕೆ ೨೨೦೨, ತಾಂತ್ರಿಕ ಶಿಕ್ಷಣಕ್ಕೆ ೨೨೦೩, ಕಟ್ಟಡ ಮುಂತಾದ ಶಾಶ್ವತ ವೆಚ್ಚಕ್ಕೆ ೪೨೦೨ ಎಂದು ಲೆಕ್ಕದ ಶೀರ್ಷಿಕೆಗಳಿರುವುವು. ಈ ಸಂಖ್ಯೆಗಳು ದೇಶದ ಎಲ್ಲ ರಾಜ್ಯಗಳಿಗೂ ಒಂದೇ. ಆಯವ್ಯಯದ ಸಂಪುಟಗಳು ಹಣಕಾಸಿನ ಇಲಾಖೆಯಿಂದ ಪ್ರಕಟವಾಗುವುದರಿಂದ ಓದುಬರಹ ಬಲ್ಲ ಯಾವ ಗೃಹಸ್ಥನಾದರೂ ೨೨೦೨ನೆಯ ಶೀರ್ಷಿಕೆಯನ್ನು ತೆರೆದು ಪ್ರಾಥಮಿಕ ಶಿಕ್ಷಣಕ್ಕೆ ಎಷ್ಟು, ಪ್ರೌಢಶಿಕ್ಷಣಕ್ಕೆ ಎಷ್ಟು ಎಂದು ನೋಡಿಕೊಳ್ಳಬಹುದು.

ಈ ಬೇಡಿಕೆಗಳು ಬರುವುದು ವಿಧಾನಸಭೆಯ ಮುಂದೆ ಮಾತ್ರ. ಸಭೆಗೆ ಇಲ್ಲಿ ಮೂರು ಅಧಿಕಾರಗಳುಂಟು. ಬೇಡಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು, ಕಡಿಮೆಮಾಡಿ ಒಪ್ಪಬಹುದು. ಹೆಚ್ಚಿಸುವ ಅಧಿಕಾರವು ಮಾತ್ರ ಇಲ್ಲ. ವಾಚಕರು ಈ ಅಂಶವನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಶಾಲೆಗಳಿಗೆ ಇನ್ನೂ ನೂರು ಕೋಟಿ ಬೇಕೆಂದು ಒಬ್ಬ ಸದಸ್ಯರು ಎಷ್ಟೇ ವಾಗ್ಮಿಗಳಾಗಿ ವಾದಿಸಿದರೂ ಆ ನೂರು ಕೋಟಿಯನ್ನು ಸಭೆಯು ತಾನಾಗಿ ಸೇರಿಸಲಾರದು. ಹಾಗಿದ್ದಮೇಲೆ ಮಾರ್ಚಿ ತಿಂಗಳಲ್ಲಿ ಮನವಿಪತ್ರವನ್ನು ಹಿಡಿದು ಶಾಸಕರ ಮನೆಗೆ ಹೋಗುವುದು ಬೆಳೆ ಕೊಯ್ದ ಮೇಲೆ ಬಿತ್ತನೆಗೆ ಹೊರಟಂತೆಯೇ ಸರಿ. ಕೇಳಬೇಕಾದ ಕಾಲವು ಅಂದಾಜುಗಳು ಸಿದ್ಧವಾಗುವ ಕಾಲ. ಅಂದರೆ ಮಳೆಗಾಲವು ಕಳೆಯುತ್ತಿರುವಾಗಲೇ.

ಹೆಚ್ಚಿಸಲಾರದ ಸಭೆಯಿಂದ ಏನು ಪ್ರಯೋಜನವೆಂದು ಕೇಳಬಹುದು. ಪ್ರಯೋಜನವುಂಟು. ಕಡಿತದ ಸೂಚನೆ ಎಂಬ ಒಂದು ಸಾಧನವು ಸದಸ್ಯರ ಕೈಯಲ್ಲಿರುವುದು. ಲೋಕಸಭೆಯ ನಿಯಮಗಳಂತೆ ಇದು ಮೂರು ವಿಧ. ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಬೇಕೆಂದರೆ ಇಲಾಖೆಯ ನೀತಿಯನ್ನೇ ಒಪ್ಪುವುದಿಲ್ಲವೆಂದು ಅರ್ಥ. ಇಂತಿಷ್ಟು ಹಣವನ್ನು ಕಡಿಮೆ ಮಾಡಬೇಕೆಂದರೆ ಮಿತವ್ಯಯದ ಸೂಚನೆ. ನೂರು ರೂಪಾಯಿ ಮಾತ್ರ ಕಡಿಮೆ ಮಾಡಬೇಕೆಂದರೆ ಸರ್ಕಾರದ ಹೊಣೆಗೆ ಸೇರಿದ ಒಂದು ಕುಂದುಕೊರತೆಯನ್ನು ಸಭೆಯ ಮುಂದೆ ಎತ್ತಿ ಹೇಳುವ ಉಪಾಯ. ಸಾವಿರಾರು ಕೋಟಿಗಳ ಬೇಡಿಕೆಯಲ್ಲಿ ನೂರು ರೂಪಾಯಿ ಎಲ್ಲಿಯ ಲೆಕ್ಕ! ಆದರೆ ಆ ನೂರು ರೂಪಾಯಿಯ ನೆಪದಲ್ಲಿ ಖಾಲಿಯಿರುವ ಉಪಾಧ್ಯಾಯರ ಹುದ್ದೆಗಳ ವಿಷಯಕ್ಕೆ ಮಂತ್ರಿಗಳು ಎದ್ದುನಿಂತು ಉತ್ತರ ಹೇಳಬೇಕಾಗುವುದು. ಸೂಚನೆಯು ಗೆಲ್ಲುವುದು ಅಪರೂಪ. ಗೆದ್ದರೆ ಸರ್ಕಾರದ ಮೇಲೆ ಸಭೆಗೆ ವಿಶ್ವಾಸವಿಲ್ಲವೆಂದಾಗುವುದು. ಆದರೆ ಮಂತ್ರಿಗಳು ಸಭೆಯಲ್ಲಿ ಕೊಟ್ಟ ಮಾತು ನಡವಳಿಯ ಪುಸ್ತಕದಲ್ಲಿ ಉಳಿಯುವುದು.

ವ್ಯಸನದ ಸಂಗತಿಯೆಂದರೆ ಚರ್ಚೆಗೆ ಗೊತ್ತಾದ ದಿನಗಳು ಕೆಲವೇ ಆಗಿರುವುದರಿಂದ ಎಲ್ಲ ಬೇಡಿಕೆಗಳಿಗೂ ಕಾಲವು ಸಾಲದು. ಕಡೆಯ ದಿನ ಗೊತ್ತಾದ ವೇಳೆಗೆ ಸಭಾಧ್ಯಕ್ಷರು ಉಳಿದ ಬೇಡಿಕೆಗಳನ್ನೆಲ್ಲ ಚರ್ಚೆಯಿಲ್ಲದೆಯೇ ಮತಕ್ಕೆ ಹಾಕುವರು. ಇದಕ್ಕೆ ಗಿಲೊಟಿನ್ ಎಂದು ಹೆಸರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ತಲೆ ಕಡಿಯುತ್ತಿದ್ದ ಯಂತ್ರದ ಹೆಸರೇ ಇದು. ಗದ್ದಲದಲ್ಲಿ ಕಳೆದುಹೋದ ಒಂದೊಂದು ಗಂಟೆಯೂ ಇಂತಹ ಯಾವುದಾದರೊಂದು ಬೇಡಿಕೆಯ ಚರ್ಚೆಯಿಂದಲೇ ಕಡಿದುಹೋದ ಗಂಟೆಯೆಂದು ತಿಳಿಯಬೇಕು. ಸದನದಲ್ಲಿ ಕೂಗಾಡಿದವರನ್ನು ಶೂರರೆಂದು ಹೊಗಳುವ ಮೊದಲು ಗೃಹಸ್ಥರು ಇದನ್ನು ಯೋಚಿಸುವುದೊಳ್ಳೆಯದು.

ಧನವಿನಿಯೋಗ ವಿಧೇಯಕ

ಬೇಡಿಕೆಗಳು ಒಪ್ಪಿತವಾದ ಮೇಲೆ ಅವೆಲ್ಲವನ್ನೂ ಪ್ರಭೃತ ವೆಚ್ಚದೊಡನೆ ಕೂಡಿಸಿ ಒಂದು ವಿಧೇಯಕವನ್ನಾಗಿ ರಚಿಸುವರು. ಅದೇ ಧನವಿನಿಯೋಗ ವಿಧೇಯಕ. ಶಿಕ್ಷಣಕ್ಕೆಂದು ಪ್ರತ್ಯೇಕವಾದ ಆಯವ್ಯಯದ ವಿಧೇಯಕವು ನಮ್ಮಲ್ಲಿಲ್ಲ. ೧೭ನೆಯ ಬೇಡಿಕೆಯು ಈ ವಿಧೇಯಕದ ಅನುಸೂಚಿಯಲ್ಲಿ ಒಂದು ಸಾಲಾಗಿ ಕುಳಿತಿರುವುದು.

“ವಿನಿಯೋಗ” ಎಂಬ ಪದವನ್ನು ಆರಿಸಿದವರು ಯಾರಾದರೂ ಆಗಲಿ, ಬಹು ಯುಕ್ತವಾದ ಪದವನ್ನೇ ಆರಿಸಿದರು. ಸಂಧ್ಯಾವಂದನೆಯನ್ನು ಬಲ್ಲ ವಾಚಕರಿಗೆ ಇದು ಪರಿಚಿತವಾದುದೇ. ಮಂತ್ರಕ್ಕೆ ಮೊದಲು ಋಷಿ, ಛಂದಸ್ಸು, ದೇವತೆಗಳನ್ನು ಹೇಳಿ ಕಡೆಯಲ್ಲಿ ವಿನಿಯೋಗವನ್ನು ಹೇಳುವರು. ಈ ಮಂತ್ರವು ಇಂಥ ಕರ್ಮಕ್ಕೆ ಎಂಬ ನಿಯಮವೇ ವಿನಿಯೋಗ. ಆಚಮನದ ಮಂತ್ರವನ್ನು ಅರ್ಘ್ಯಕ್ಕೆ ಬಳಸಲಾಗದು. ಧನವಿನಿಯೋಗದ ನಿಯಮವೂ ಹಾಗೆಯೇ. ಇಷ್ಟು ಹಣವು ಇಂಥ ಕಾರ್ಯಕ್ಕೆಂದು ಸಭೆಯು ಸಂಕಲ್ಪಮಾಡಿದ ಮೇಲೆ ಅದನ್ನು ಬೇರೆಯ ಬೇಡಿಕೆಗೆ ತಿರುಗಿಸಕೂಡದು. ಶಾಲೆಗೆ ಒಪ್ಪಿದ ಹಣವನ್ನು ರಸ್ತೆಗೆ ಹಾಕಬೇಕಾದರೆ ಮತ್ತೆ ಸಭೆಯ ಮುಂದೆಯೇ ಬರಬೇಕು. ಒಂದೇ ಬೇಡಿಕೆಯ ಒಳಗೆ ಒಂದು ಬಾಬಿನಿಂದ ಮತ್ತೊಂದಕ್ಕೆ ನಿಯಮಗಳಿಗೆ ಒಳಪಟ್ಟು ಬದಲಾಯಿಸುವುದುಂಟು, ಅದಕ್ಕೆ ಪುನರ್ವಿನಿಯೋಗವೆನ್ನುವರು.

ಈ ವಿಧೇಯಕಕ್ಕೆ ಮೊತ್ತವನ್ನು ಬದಲಾಯಿಸುವ ಅಥವಾ ಉದ್ದೇಶವನ್ನು ತಿರುಗಿಸುವ ತಿದ್ದುಪಡಿಯನ್ನು ತರುವಂತಿಲ್ಲ. ಬೇಡಿಕೆಗಳ ಮೇಲೆ ಒಮ್ಮೆ ಮತ ಕೊಟ್ಟಾಗಿರುವುದರಿಂದ ಮತ್ತೆ ಅದನ್ನು ಕೆದಕುವುದು ಸಲ್ಲದೆಂಬುದೇ ಇದಕ್ಕೆ ಕಾರಣ. ಆದಕಾರಣ ಈ ಘಟ್ಟದಲ್ಲಿ ಚರ್ಚೆಯು ಸಾಮಾನ್ಯವಾಗಿ ಬೇಗ ಮುಗಿಯುವುದು.

ಮೇಲ್ಮನೆ, ಉಪಾಧ್ಯಾಯರು ಮತ್ತು ರಾಜ್ಯಪಾಲರು

ವಿಧಾನಸಭೆಯಲ್ಲಿ ೨೨೪ ಮಂದಿ ಚುನಾಯಿತ ಸದಸ್ಯರಿರುವರು. ವಿಧಾನಪರಿಷತ್ತಿನ ಸದಸ್ಯರು ೭೫ ಮಂದಿ. ಅವರಲ್ಲಿ ೭ ಮಂದಿಯನ್ನು ಉಪಾಧ್ಯಾಯರೂ ೭ ಮಂದಿಯನ್ನು ಪದವೀಧರರೂ ಆರಿಸುವರು. ಧನವಿನಿಯೋಗ ವಿಧೇಯಕವು ಧನ ವಿಧೇಯಕವಾದುದರಿಂದ ಸಭಾಧ್ಯಕ್ಷರ ಪ್ರಮಾಣಲೇಖದೊಡನೆ ಅದು ಪರಿಷತ್ತಿಗೆ ಹೋಗುವುದು. ಪರಿಷತ್ತು ಅದನ್ನು ತಿರಸ್ಕರಿಸಲಾರದು, ತಿದ್ದಲಾರದು. ತನ್ನ ಶಿಫಾರಸುಗಳೊಡನೆ ೧೪ ದಿನಗಳೊಳಗಾಗಿ ಹಿಂದಿರುಗಿಸಬೇಕು. ಶಿಫಾರಸನ್ನು ಒಪ್ಪುವುದು ಬಿಡುವುದು ವಿಧಾನಸಭೆಯ ಇಚ್ಛೆ. ೧೪ ದಿನಗಳು ಕಳೆದರೂ ಬಾರದಿದ್ದರೆ ವಿಧೇಯಕವು ಎರಡು ಸದನಗಳಲ್ಲಿಯೂ ಅಂಗೀಕೃತವಾಯಿತೆಂದೇ ಭಾವಿಸಲಾಗುವುದು.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಉಪಾಧ್ಯಾಯರ ಪ್ರತಿನಿಧಿಗಳೆಂದು ಹೆಸರು ಪಡೆದವರು ಕುಳಿತಿರುವ ಸದನಕ್ಕೆ ಶಿಕ್ಷಣದ ಬೇಡಿಕೆಯ ಮೇಲೆ ಮತವಿಲ್ಲ. ಅಷ್ಟೇ ಅಲ್ಲ; ಉಪಾಧ್ಯಾಯರ ಕ್ಷೇತ್ರದಲ್ಲಿ ಮತ ಕೊಡುವ ಹಕ್ಕು ಸಂವಿಧಾನದ ೧೭೧ನೆಯ ಅನುಚ್ಛೇದದಂತೆ ಪ್ರೌಢಶಾಲೆಯ ಮಟ್ಟಕ್ಕೆ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ಮೂರು ವರ್ಷಗಳಾದರೂ ಪಾಠ ಹೇಳಿದವರಿಗೆ ಮಾತ್ರ. ಮಕ್ಕಳಿಗೆ ಮೊದಲ ಅಕ್ಷರವನ್ನು ತಿದ್ದಿಸುವ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಆ ಕ್ಷೇತ್ರದ ಮತದಾರರೇ ಅಲ್ಲ. ಹಣದ ವಿಷಯದಲ್ಲಿ ಪ್ರಜೆಗಳು ನೇರವಾಗಿ ಆರಿಸಿದ ಸದನವೇ ಮೇಲೆಂಬ ತತ್ತ್ವವು ಸರಿಯಾದುದೆಂದು ನಾವು ಒಪ್ಪುವೆವು. ಆದರೆ ಆ ತತ್ತ್ವವು ಒಂದು ಕರ್ತವ್ಯವನ್ನೂ ಹೊರಿಸುವುದು. ಪ್ರಾಥಮಿಕ ಶಾಲೆಯ ಪರವಾಗಿ ಮಾತನಾಡಲು ವಿಧಾನಸಭೆಯ ಸದಸ್ಯರನ್ನು ಬಿಟ್ಟರೆ ಮತವುಳ್ಳವರು ಬೇರೆ ಯಾರೂ ಇಲ್ಲ. ಆ ಸದಸ್ಯರನ್ನು ಆರಿಸುವವರು ತಂದೆತಾಯಿಗಳಾದ ನಾವೇ.

ಎರಡು ಸದನಗಳನ್ನೂ ದಾಟಿದ ವಿಧೇಯಕವು ರಾಜ್ಯಪಾಲರ ಒಪ್ಪಿಗೆಗೆ ಹೋಗುವುದು. ಇತರ ವಿಧೇಯಕಗಳನ್ನು ಪುನಃ ಪರಿಶೀಲಿಸಿರೆಂದು ಅವರು ಹಿಂದಿರುಗಿಸಬಹುದು. ಧನ ವಿಧೇಯಕವನ್ನು ಹಾಗೆ ಹಿಂದಿರುಗಿಸುವಂತಿಲ್ಲ. ಅವರ ಒಪ್ಪಿಗೆಯಾಗಿ ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ವಿಧೇಯಕವು ಅಧಿನಿಯಮವೆನಿಸುವುದು. ಹೇಳಿದ ಹಣವು ಈಗ ಒಪ್ಪಿದ ಹಣವಾಯಿತು.

ಹೊಸ ಆರ್ಥಿಕ ವರ್ಷವು ಏಪ್ರಿಲ್ ೧ಕ್ಕೆ ಆರಂಭವಾಗುವುದು. ಅಷ್ಟರೊಳಗೆ ಇದೆಲ್ಲವೂ ಮುಗಿಯದಿದ್ದರೆ, ಅಥವಾ ಚುನಾವಣೆಯು ಅಡ್ಡಬಂದರೆ, ಕೆಲವು ತಿಂಗಳ ಖರ್ಚಿಗಾಗಿ ಮುಂಗಡವಾಗಿ ಒಪ್ಪಿಗೆಯನ್ನು ಪಡೆಯಬಹುದು. ಇದಕ್ಕೆ ಲೇಖಾನುದಾನವೆಂದು ಹೆಸರು. ವರ್ಷದ ನಡುವೆ ಹಣವು ಸಾಲದೆ ಬಂದರೆ, ಅಥವಾ ಹೊಸ ಕಾರ್ಯವೊಂದು ಬಂದೊದಗಿದರೆ ಪೂರಕ ಅಂದಾಜುಗಳನ್ನು ಸಭೆಯ ಮುಂದೆ ತಂದು ಇದೇ ದಾರಿಯಲ್ಲಿಯೇ ಮತ್ತೊಂದು ಧನವಿನಿಯೋಗ ವಿಧೇಯಕವನ್ನು ನಡೆಸಬೇಕು. ಮಾರ್ಚಿಯಲ್ಲಿ ತಪ್ಪಿದ ಶಾಲೆಯ ಕೆಲಸಕ್ಕೆ ಸರ್ಕಾರದ ಮನಸ್ಸಿದ್ದಲ್ಲಿ ಇದು ಎರಡನೆಯ ಅವಕಾಶವಾಗಬಲ್ಲದು.

ಒಪ್ಪಿದ ಹಣವು ಊರನ್ನು ಸೇರುವುದು

ಶಾಸನವಾದ ಮಾತ್ರಕ್ಕೆ ಹಣವು ಶಾಲೆಗೆ ಬಂದು ಬೀಳುವುದಿಲ್ಲ. ಇಲಾಖೆಯಿಂದ ಬಿಡುಗಡೆಯ ಆಜ್ಞೆಯಾಗಬೇಕು, ಜಿಲ್ಲೆಯಲ್ಲಿ ಹಂಚಿಕೆಯಾಗಬೇಕು, ಕೆಲಸಕ್ಕೆ ಟೆಂಡರು ಕರೆಯಬೇಕು, ಕೆಲಸವಾದ ಮೇಲೆ ಬಿಲ್ಲು ಖಜಾನೆಗೆ ಹೋಗಬೇಕು. ಶಾಸನವು ಕೊಡುವುದು ಖರ್ಚುಮಾಡುವ ಅನುಮತಿಯನ್ನು, ಖರ್ಚುಮಾಡಲೇಬೇಕೆಂಬ ಬಲವಂತವನ್ನಲ್ಲ. ಆ ಅನುಮತಿಗೆ ಆಯುಸ್ಸೂ ಒಂದೇ ವರ್ಷ. ಮಾರ್ಚಿ ೩೧ರ ರಾತ್ರಿಗೆ ಉಳಿದುದೆಲ್ಲವೂ ರದ್ದಾಗುವುದು.

ನಾವು ಒಂದು ಗ್ರಾಮದ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಒಂದು ವರ್ಷ ವಿಜ್ಞಾನದ ಪ್ರಯೋಗಸಾಮಗ್ರಿಗೆ ಹಣವು ಮಂಜೂರಾಯಿತು. ಆಜ್ಞೆಯು ನಮ್ಮ ಕೈಸೇರಿದುದು ಮಾರ್ಚಿ ತಿಂಗಳ ಮೂರನೆಯ ವಾರದಲ್ಲಿ. ಮೂರು ಅಂಗಡಿಗಳಿಂದ ದರಪಟ್ಟಿಯನ್ನು ತರಿಸಿ, ಸಮಿತಿಯ ಸಭೆಯನ್ನು ಸೇರಿಸಿ, ಸಾಮಾನನ್ನು ತಂದು, ಬಿಲ್ಲನ್ನು ಬರೆಯುವ ಹೊತ್ತಿಗೆ ಗಡುವು ದಾಟಿತು. ಹಣವು ಹಿಂದಕ್ಕೆ ಹೋಯಿತು. ಅಂಗಡಿಯವರು ಸಾಮಾನನ್ನು ಮರಳಿ ಕೊಂಡೊಯ್ದರು. ಆ ವರ್ಷದ ಹತ್ತನೆಯ ತರಗತಿಯ ಮಕ್ಕಳು ಬುನ್ಸೆನ್ ದೀಪವನ್ನು ಪುಸ್ತಕದ ಚಿತ್ರದಲ್ಲಿ ಮಾತ್ರವೇ ಕಂಡು ಪರೀಕ್ಷೆಗೆ ಹೋದರು. ಆಯವ್ಯಯದ ಪುಸ್ತಕದಲ್ಲಿ ಆ ಹಣವಿತ್ತು, ಧನವಿನಿಯೋಗದಲ್ಲಿಯೂ ಇತ್ತು. ಇಲ್ಲದೆ ಹೋದುದು ಮಕ್ಕಳ ಕೈಯಲ್ಲಿ ಮಾತ್ರ. ಮುಂದಿನ ವರ್ಷಗಳಲ್ಲಿ ಆಷಾಢ ಶ್ರಾವಣಗಳಲ್ಲಿಯೇ ದರಪಟ್ಟಿಯನ್ನು ಸಿದ್ಧಪಡಿಸಿ, ಪೋಷಕರಲ್ಲಿ ಇಬ್ಬರನ್ನು ಜೊತೆಯಲ್ಲಿ ಕರೆದುಕೊಂಡು ಕಚೇರಿಗೆ ಹೋಗಿ ವಿಚಾರಿಸುತ್ತಿದ್ದೆವು. ಒಬ್ಬ ಉಪಾಧ್ಯಾಯನ ಅರ್ಜಿಗಿಂತ ಇಬ್ಬರು ತಂದೆತಾಯಿಗಳ ಪ್ರಶ್ನೆಗೆ ಬೇಗನೆ ಉತ್ತರವು ದೊರೆಯುವುದೆಂಬುದನ್ನು ಆಗ ಕಣ್ಣಾರೆ ಕಂಡೆವು.

ಲೆಕ್ಕದ ಪರೀಕ್ಷೆ

ಕಡೆಯ ಅವಸ್ಥೆಯು ಲೆಕ್ಕವನ್ನು ಒಪ್ಪಿಸುವುದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಗಳು ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳ ಕೈಗೆ ದೊರೆತು, ೧೯೦೯ರಲ್ಲಿ ಅಚ್ಚಾದುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಆ ಗ್ರಂಥದಲ್ಲಿ ಹಣವನ್ನು ಸಂಗ್ರಹಿಸುವ ಸಮಾಹರ್ತೃವೇ ಬೇರೆ, ಕೋಶವನ್ನು ಕಾಯುವ ಸನ್ನಿಧಾತೃವೇ ಬೇರೆ. ಅಧಿಕಾರಿಗಳು ವರ್ಷದ ಲೆಕ್ಕವನ್ನು ತಂದು ಒಪ್ಪಿಸಲು ಆಷಾಢಮಾಸದ ಗಡುವನ್ನೂ, ರಾಜದ್ರವ್ಯವನ್ನು ಅಪಹರಿಸುವ ನಾಲ್ವತ್ತು ಉಪಾಯಗಳ ಪಟ್ಟಿಯನ್ನೂ ಅಲ್ಲಿ ಕಾಣಬಹುದು. ಕೊಟ್ಟವನು ಕೇಳದಿದ್ದರೆ ಪಡೆದವನು ಲೆಕ್ಕ ಹೇಳನೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು.

ಇಂದು ಆ ಕೆಲಸವನ್ನು ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಮಾಡುವರು. ಒಪ್ಪಿದುದೆಷ್ಟು, ವ್ಯಯವಾದುದೆಷ್ಟು, ಉಳಿದು ರದ್ದಾದುದೆಷ್ಟು ಎಂದು ಬೇಡಿಕೆವಾರಾಗಿ ಬರೆದ ವರದಿಯನ್ನು ಅವರು ರಾಜ್ಯಪಾಲರಿಗೆ ಒಪ್ಪಿಸುವರು. ಅದು ಸದನಗಳ ಮುಂದೆ ಬರುವುದು. ಅಲ್ಲಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಅಧಿಕಾರಿಗಳನ್ನು ಕರೆಯಿಸಿ ವಿಚಾರಿಸುವುದು. ವಿರೋಧಪಕ್ಷದವರೊಬ್ಬರು ಈ ಸಮಿತಿಯ ಅಧ್ಯಕ್ಷರಾಗಿರುವುದು ಸತ್ಸಂಪ್ರದಾಯ. ಒಪ್ಪಿಗೆಗಿಂತ ಹೆಚ್ಚು ಖರ್ಚಾಗಿದ್ದರೆ ಅದನ್ನು ಕ್ರಮಪಡಿಸಲು ಮತ್ತೆ ವಿಧಾನಸಭೆಯ ಮತವೇ ಬೇಕು. ವರದಿಯು ತಡವಾಗಿ ಬರುವುದುಂಟು. ಆದರೂ ಭಾಷಣದಲ್ಲಿ ಕೇಳಿದ ಅಂಕೆಗೂ ಇಲ್ಲಿ ಕಾಣುವ ಅಂಕೆಗೂ ಇರುವ ಅಂತರವೇ ಸರ್ಕಾರದ ಮಾತಿನ ತೂಕ.

ಗೃಹಸ್ಥರು ಮಾಡಬಹುದಾದುದು

ಮೇಲ್ಕಂಡ ವಿಷಯಗಳಿಂದ ನಾವು ತೆಗೆಯುವ ಸಾರವು ಇಷ್ಟೆ. ಆಷಾಢ ಶ್ರಾವಣಗಳಲ್ಲಿ ಶಾಲೆಯ ಸಮಿ­ತಿಯಲ್ಲಿ ಕುಳಿತು ಬೇಕಾದುದನ್ನು ಬರೆದು ಕಳುಹಿಸಬೇಕು, ಕಳುಹಿಸಿದುದಕ್ಕೆ ರಸೀದಿಯನ್ನು ಇಟ್ಟುಕೊಳ್ಳಬೇಕು. ಕಾರ್ತಿಕದ ವೇಳೆಗೆ ಅದು ಎಲ್ಲಿಯವರೆಗೆ ಹೋಗಿದೆಯೆಂದು ವಿಚಾರಿಸಿ, ಆಗಲೇ ಶಾಸಕರಿಗೆ ತಿಳಿಸಬೇಕು. ಫಾಲ್ಗುನದಲ್ಲಿ ೧೭ನೆಯ ಬೇಡಿಕೆಯು ಚರ್ಚೆಯಾಯಿತೇ, ಚರ್ಚೆಯಿಲ್ಲದೆ ದಾಟಿತೇ, ನಮ್ಮ ಸದಸ್ಯರು ಬಾಯಿ ತೆರೆದರೇ ಎಂದು ನೋಡಬೇಕು. ಏಪ್ರಿಲ್ ಕಳೆದ ಮೇಲೆ ಬಿಡುಗಡೆಯ ಆಜ್ಞೆಯನ್ನು ಕೇಳಬೇಕು. ಮುಂದಿನ ಮಾರ್ಚಿಯವರೆಗೆ ಕಾಯಬಾರದು. ಇದಕ್ಕೆ ಹಣ ಬೇಡ, ಪಕ್ಷ ಬೇಡ, ಗಲಭೆಯೂ ಬೇಡ. ತಿಂಗಳಿಗೊಂದು ಸಂಜೆಯನ್ನು ಮೀಸಲಿಟ್ಟರೆ ಸಾಕು.

ಮನೆಯೊಡತಿಯು ದಿನಸಿಯ ಚೀಟಿಯನ್ನು ಬರೆದು ಕಳುಹಿಸಿ ಅಷ್ಟಕ್ಕೇ ಸುಮ್ಮನಿರುವಳೇ? ಸಾಮಾನು ಬಂದಾಗ ತೂಗಿ ನೋಡುವಳು, ಬಾರದುದನ್ನು ಕೇಳುವಳು, ಚಿಲ್ಲರೆಯನ್ನು ಎಣಿಸಿಕೊಳ್ಳುವಳು. ನಾಲ್ಕು ಮಂದಿಯ ಸಂಸಾರಕ್ಕೆ ತೋರಿಸುವ ಈ ಎಚ್ಚರಿಕೆಯಲ್ಲಿ ಒಂದು ಪಾಲನ್ನು ಊರಿನ ಶಾಲೆಗೆ ತೋರಿಸಿದರೆ ಶಾಸನಸಭೆಯು ಒಪ್ಪಿದ ಹಣವು ದಾರಿಯಲ್ಲಿ ನಿಲ್ಲದೆ ಮಗುವಿನ ಹಲಗೆಯವರೆಗೂ ನಡೆದು ಬರುವುದೆಂಬುದು ನಮ್ಮ ದೃಢವಾದ ನಂಬಿಕೆ. ಸಭೆಯ ಬಾಗಿಲುಗಳು ಯಾವಾಗ ತೆರೆಯುವುವೆಂಬುದನ್ನು ವಾಚಕ ಮಹಾಶಯರು ಈಗ ತಿಳಿದಿರುವರು. ಮುಂದಿನ ಆಷಾಢದಲ್ಲಿ ತಮ್ಮೂರಿನ ಶಾಲೆಯ ಹೊಸ್ತಿಲನ್ನು ಒಮ್ಮೆ ತುಳಿಯುವರೆಂದು ಹಾರೈಸುವೆವು.